ಬಾಟಲಿಯ ಮೇಲಿನ ಕೈ

ದೊಡ್ಡಬಳ್ಳಾಪುರದ ಕೈಗಾರಿಕಾ ಪ್ರದೇಶದಲ್ಲಿ ಲೇಬಲ್ ಅಚ್ಚು ಹಾಕುವ ಒಂದು ಪ್ರೆಸ್ಸಿನಲ್ಲಿ ನಾನು ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಗಿರಾಕಿಗಳು ತರುವ ಚಿತ್ರವನ್ನು ಕಂಪ್ಯೂಟರಿನಲ್ಲಿ ಅಚ್ಚಿಗೆ ಸಿದ್ಧಮಾಡುವುದು, ಬಣ್ಣ ಸರಿಯಾಗಿ ಬಿತ್ತೇ ಎಂದು ನೋಡುವುದು ನನ್ನ ಕೆಲಸ. ಉಪ್ಪಿನಕಾಯಿ, ಕೊಬ್ಬರಿ ಎಣ್ಣೆ, ಊದುಬತ್ತಿ, ದನದ ಔಷಧಿ, ಎಲ್ಲಕ್ಕೂ ನಮ್ಮಲ್ಲಿ ಲೇಬಲ್ ಆಗುತ್ತದೆ. ಆದರೆ ಅಂಟಿಸಿದ ಮೇಲೆ ಅದನ್ನು ಯಾರು, ಏಕೆ ಕೈಗೆತ್ತಿಕೊಳ್ಳುತ್ತಾರೆ ಎಂದು ನಾನು ಯೋಚಿಸಿದವಳಲ್ಲ. ಯೋಚಿಸುವಂತೆ ಮಾಡಿದ್ದು ಒಂದು ಬಿಯರು. ಅದರ ರುಚಿ ಹೇಗಿದೆಯೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಆ ಬಿಯರ್ ತಯಾರಿಸುವವರು ಹಿಂದೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಪಾಠ ಹೇಳುತ್ತಿದ್ದರಂತೆ. ಹಾಗಾಗಿ ಪ್ರೆಸ್ಸಿನಲ್ಲಿ ನಾವೆಲ್ಲ ಅವರನ್ನು ಮೇಷ್ಟ್ರು ಎನ್ನುತ್ತಿದ್ದೆವು. ದೊಡ್ಡ ಕಂಪನಿಗಳ ಹಾಗಲ್ಲ, ಸ್ವಲ್ಪ ಸ್ವಲ್ಪವೇ ಮಾಡುವ ಕ್ರಾಫ್ಟ್ ಬಿಯರ್ ಅವರದು. ಬಾರ್ಲಿಯ ಜೊತೆಗೆ ಮೊಳಕೆ ಕಟ್ಟಿದ ರಾಗಿಯನ್ನೂ ಸೇರಿಸುತ್ತಿದ್ದರು. ಮೊದಲ ಲೇಬಲ್ಲನ್ನು ಅವರೇ ಬರೆದು ತಂದಿದ್ದರು. ಬಿಳಿ ಕಾಗದ, ಕಪ್ಪು ಅಕ್ಷರ, ಯಾವ ಧಾನ್ಯ, ಎಷ್ಟು ದಿನದ ಹುದುಗು, ಕಹಿ ಎಲ್ಲಿಂದ ಬಂತು ಎಂಬ ಪೂರ್ತಿ ವಿವರ. ಒಂದು ಅಕ್ಷರವೂ ತಪ್ಪಿರಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಬಂದರು. ಮುಖ ಬಾಡಿತ್ತು.

"ಮೇಡಂ, ರುಚಿ ನೋಡಿದೋರೆಲ್ಲ ಚೆನ್ನಾಗಿದೆ ಅಂತಾರೆ. ಆದ್ರೆ ರುಚಿ ನೋಡೋವರ್ಗೂ ಯಾರೂ ಬರ್ತಾನೇ ಇಲ್ಲ. ನೀವೊಂದ್ಸಲ ಅಂಗಡಿಗೆ ಬಂದು ನೋಡಿ, ತಪ್ಪೆಲ್ಲಿದೆ ಹೇಳಿ."

ನಾನು ಅಲ್ಲಿಯವರೆಗೆ ಮದ್ಯದಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಹಿಂದೆಮುಂದೆ ನೋಡಿದೆ. ಅವರ ಹೆಂಡತಿಯೂ ಜೊತೆಗೆ ಬರುತ್ತಾರೆ ಎಂದ ಮೇಲೆ ಒಪ್ಪಿಕೊಂಡು, ಒಂದು ಶನಿವಾರ ಮಧ್ಯಾಹ್ನ ದೇವನಹಳ್ಳಿಗೆ ಹೋದೆ. ವಿಮಾನ ನಿಲ್ದಾಣದ ಕಡೆ ಹೋಗುವ ರಸ್ತೆಯಲ್ಲಿದ್ದ ಅಂಗಡಿ ಅದು. ನಾನು ಎಣಿಸಿದ ಹಾಗೆ ಕತ್ತಲೆಯೂ ಇರಲಿಲ್ಲ, ಕಬ್ಬಿಣದ ಜಾಲರಿಯೂ ಇರಲಿಲ್ಲ. ಸೀರೆ ಅಂಗಡಿಯಷ್ಟು ಬೆಳಕಿತ್ತು. ಒಂದು ಗೋಡೆಯುದ್ದಕ್ಕೂ ಗಾಜಿನ ಬಾಗಿಲಿನ ಫ್ರಿಜ್ಜುಗಳು. ನಾವು ಮೂವರೂ ಮೂಲೆಯಲ್ಲಿ ನಿಂತು ನೋಡತೊಡಗಿದೆವು.

ಬಂದವರು ಫ್ರಿಜ್ಜಿನ ಮುಂದೆ ನಿಲ್ಲುತ್ತಿದ್ದುದು ಒಂದೆರಡು ಉಸಿರಿನಷ್ಟು ಹೊತ್ತು. ಕಣ್ಣು ಎಲ್ಲಿ ನಿಂತಿತೋ ಕೈ ಅಲ್ಲಿಗೆ ಹೋಗುತ್ತಿತ್ತು. ಒಬ್ಬ ಹುಡುಗಿ ನೀಲಿ ಮೀನಿನ ಚಿತ್ರದ ಬಾಟಲಿ ತೆಗೆದು, "ಇದು ಎಷ್ಟು ಕ್ಯೂಟಾಗಿದೆ ನೋಡೇ" ಎಂದು ಗೆಳತಿಗೆ ತೋರಿಸಿ ಬುಟ್ಟಿಗೆ ಹಾಕಿಕೊಂಡಳು. ಸೈಕಲ್ ಹೊಡೆಯುವ ಕೋತಿಯ ಚಿತ್ರವಿದ್ದದ್ದನ್ನು ಒಬ್ಬರ ಹಿಂದೊಬ್ಬರು ನಾಲ್ವರು ಒಯ್ದರು. ಮೇಷ್ಟ್ರ ಬಾಟಲಿಯನ್ನು ಎತ್ತಿಕೊಂಡವರು ಒಬ್ಬರೇ. ಅವರು ಕನ್ನಡಕವನ್ನು ಹಣೆಗೇರಿಸಿ ಎರಡು ಸಾಲು ಓದಿ, ಜೊತೆಗಿದ್ದವನಿಗೆ, "ಟಾನಿಕ್ ಸೀಸೆ ಇದ್ದಂಗೈತಲ್ಲ ಗುರು" ಎಂದು ನಕ್ಕು ವಾಪಸ್ಸಿಟ್ಟರು.

ಮೇಷ್ಟ್ರು ಹೋಗಿ ಆ ಬಾಟಲಿಯ ಲೇಬಲ್ಲನ್ನು ಮುಂದಕ್ಕೆ ತಿರುಗಿಸಿಟ್ಟು ಬಂದರು. ನನಗೆ ಅವರ ಮುಖ ನೋಡಲಾಗಲಿಲ್ಲ. ಕೋತಿಯನ್ನು ಕೊಂಡವರು ಮೂರ್ಖರು ಎಂದು ಅಂದುಕೊಳ್ಳಬಹುದಿತ್ತು. ಆದರೆ ನಾನು ಸೋಪು ಕೊಳ್ಳುವುದು ಹೇಗೆ? ಪೊಟ್ಟಣದ ಮೇಲೆ ಮಲ್ಲಿಗೆ ಕಂಡರೆ ಮೂಗಿಗೆ ಹಿಡಿಯುವ ಮೊದಲೇ ಪರಿಮಳ ಬಂದಂತಾಗುತ್ತದೆ. ಒಳಗಿರುವುದು ಕಾಣದಾಗ ಮನುಷ್ಯ ಹೊರಗೆ ಕಂಡದ್ದನ್ನೇ ನಂಬಬೇಕು, ಇನ್ನೇನು ಮಾಡಿಯಾನು.

"ಇದನ್ನ ಓದ್ಬೇಕು ಸಾರ್. ಅಲ್ಲಿ ನಿಂತ್ಕೊಂಡು ಯಾರೂ ಓದಲ್ಲ" ಎಂದೆ.

"ಹಾಗಾದ್ರೆ ನೀವೇ ಒಂದು ಬರೆದುಕೊಡಿ" ಎಂದರು.

ಚಿಕ್ಕಂದಿನಿಂದ ಚಿತ್ರ ಬರೆಯುವ ಹುಚ್ಚಿತ್ತು. ಪ್ರೆಸ್ಸಿನಲ್ಲಿ ಇನ್ನೊಬ್ಬರು ಬರೆದದ್ದನ್ನು ತಿದ್ದುವುದೇ ಆಗಿತ್ತು. ಯಾರೋ ನೀವು ಬರೆಯಿರಿ ಅಂದದ್ದು ಅದೇ ಮೊದಲು. ಏನು ಬರೆಯಲಿ ಎಂದು ಫೋನಿನಲ್ಲಿದ್ದ ಚಿತ್ರಗಳನ್ನು ನೋಡುತ್ತಿದ್ದಾಗ ಅವ್ವನದೊಂದು ಸಿಕ್ಕಿತು. ನಮ್ಮೂರು ಸಾಸಲಿನ ಮನೆಯ ಅಂಗಳದಲ್ಲಿ ಕೂತು ಮೊರದಲ್ಲಿ ರಾಗಿ ಕೇರುತ್ತಿದ್ದಾಗ ಹಿಂದಿನ ಸುಗ್ಗಿಯಲ್ಲಿ ತೆಗೆದದ್ದು. ಕಾಳು ಗಾಳಿಯಲ್ಲಿ ನಿಂತಿದೆ, ಎರಡೂ ಕೈ ಮೊರದ ಅಂಚನ್ನು ಹಿಡಿದಿವೆ, ಬಲ ಮುಂಗೈಯಲ್ಲಿ ಹಸಿರು ಹಚ್ಚೆ.

ಮುಖ ಬಿಟ್ಟು ಕೈಯನ್ನಷ್ಟೇ ಬರೆದೆ. ಅರಿಶಿನದ ಬಣ್ಣದ ಹಿನ್ನೆಲೆ, ಕೆಂಗಂದು ರಾಗಿ. ಹಚ್ಚೆಯ ಒಂದೊಂದು ಚುಕ್ಕಿಯನ್ನೂ ಎಣಿಸಿ ಇಟ್ಟೆ. ಬರೆದು ಮುಗಿಸಿದಾಗ ನನಗೇ ಹೆಮ್ಮೆಯಾಯಿತು. ಅವ್ವನನ್ನು ಒಂದು ಮಾತು ಕೇಳಬೇಕೆಂದು ಹೊಳೆಯಲೇ ಇಲ್ಲ ಎಂದರೆ ಸುಳ್ಳಾಗುತ್ತದೆ. ಹೊಳೆದಿತ್ತು. ಮುಖ ಕಾಣುವುದಿಲ್ಲವಲ್ಲ, ಯಾರಿಗೆ ಗೊತ್ತಾಗುತ್ತದೆ ಎಂದು ಸುಮ್ಮನಾದೆ.

ಹೊಸ ಲೇಬಲ್ ಅಂಟಿದ ಮೇಲೆ ಮೇಷ್ಟ್ರ ಬಾಟಲಿಗಳು ಫ್ರಿಜ್ಜಿನಲ್ಲಿ ಉಳಿಯುತ್ತಿರಲಿಲ್ಲ. ಜನ ಅದರ ಫೋಟೊ ತೆಗೆದು ಹಂಚಿಕೊಂಡರು. ಹಳ್ಳಿಯ ಮಣ್ಣಿನ ವಾಸನೆ ಬರುತ್ತದೆ, ಅಜ್ಜಿ ಮನೆಯ ರುಚಿಯಿದೆ ಎಂದೆಲ್ಲ ಬರೆದರು. ಅದನ್ನು ಓದಿ ಹೇಳುವಾಗ ಮೇಷ್ಟ್ರ ದನಿಯಲ್ಲಿ ಸಂತೋಷದ ಜೊತೆ ಸಣ್ಣ ನೋವೂ ಇತ್ತು. "ಒಳಗಿರೋದು ಅದೇ ಬಿಯರು ಮೇಡಂ. ಒಂದು ಹನಿನೂ ಬದಲಾಯ್ಸಿಲ್ಲ."

ನನ್ನ ತಮ್ಮ ವಿಮಾನ ನಿಲ್ದಾಣಕ್ಕೆ ಕ್ಯಾಬ್ ಓಡಿಸುತ್ತಾನೆ. ಒಂದು ಭಾನುವಾರ ನಾನು ಸಾಸಲಿನಲ್ಲಿದ್ದಾಗ ಅವನು ನಗುತ್ತ ಒಳಗೆ ಬಂದ. ಯಾರೋ ಪ್ರಯಾಣಿಕರು ಹಿಂದಿನ ಸೀಟಿನಲ್ಲಿ ಬಿಟ್ಟುಹೋದ ಖಾಲಿ ಬಾಟಲಿ ಅವನ ಕೈಯಲ್ಲಿತ್ತು.

"ಅವ್ವ, ಇಲ್ಲಿ ನೋಡು. ನಿನ್ನ ಕೈ ಇದ್ದಂಗೇ ಐತೆ!"

ಅವ್ವ ಸೊಪ್ಪು ಸೋಸುತ್ತಿದ್ದಳು. ಬಾಟಲಿ ತೆಗೆದುಕೊಂಡು ಬಾಗಿಲ ಬೆಳಕಿಗೆ ಹಿಡಿದಳು. ತನ್ನ ಮುಂಗೈಯನ್ನು ಅದರ ಪಕ್ಕಕ್ಕೆ ತಂದಳು. ಆಮೇಲೆ ನನ್ನ ಕಡೆ ನೋಡಿದಳು. ಅವಳು ಕೇಳುವ ಮೊದಲೇ ನಾನು ತಲೆ ತಗ್ಗಿಸಿದ್ದೆ.

"ನೀನಾ ಬರೆದಿದ್ದು?"

"ಹೂಂ. ರಾಗಿ ಹಾಕ್ತಾರೆ ಅಂತ... ಮುಖ ಹಾಕಿಲ್ಲ ಅವ್ವ."

ಬಯ್ಯುತ್ತಾಳೆ, ಹೆಂಡದ ಸೀಸೆಯ ಮೇಲೆ ಹಾಕಿ ಮಾನ ಕಳೆದೆ ಅನ್ನುತ್ತಾಳೆ ಎಂದುಕೊಂಡಿದ್ದೆ. ಅವಳ ದನಿ ಏರಲಿಲ್ಲ.

"ಮುಖ ಹಾಕಿದ್ರೂ ಇಷ್ಟು ಬೇಜಾರಾಗ್ತಿರ್ಲಿಲ್ಲ ಕಣವ್ವ. ಮುಖ ಏನು, ಒಂದಿನ ಮಣ್ಣಾಗ್ ಹೋಯ್ತದೆ. ಈ ಹಚ್ಚೆ ನಮ್ಮವ್ವ ನಂಗೆ ಒಂಬತ್ತು ವರ್ಷದಾಗೆ ಹಾಕಿಸಿದ್ದು. ನಾನು ಅಳ್ತಾ ಕೂತಿದ್ರೆ, ಒಡವೆ ವಸ್ತ್ರ ಎಲ್ಲ ಇಲ್ಲೇ ಬಿಟ್ಟೋಯ್ತೀವಿ, ಸತ್ತಾಗ ನಮ್ ಜೊತೆ ಬರೋದು ಇದೊಂದೇ ಅಂತ ಹೇಳಿದ್ಳು. ಅದನ್ನ ಕುಡಿದು ಬಿಸಾಕೋ ಬಾಟ್ಲಿಗೆ ಅಂಟಿಸ್ಬಿಟ್ಯಲ್ಲ."

ತಮ್ಮ ಸದ್ದಿಲ್ಲದೆ ಹೊರಗೆ ಹೋದ. ಅವ್ವ ಮತ್ತೆ ಸೊಪ್ಪಿಗೆ ಕೈ ಹಾಕಿದಳು. ಎಷ್ಟೋ ಸಾವಿರ ಸಲ ಆ ಹಚ್ಚೆಯನ್ನು ಅಚ್ಚು ಹಾಕಿಸಿದವಳು ನಾನು. ಅದರ ಹಸಿರು ಒಂದಿಷ್ಟು ತಿಳಿಯಾಯಿತೆಂದು ಮಿಷನ್ ನಿಲ್ಲಿಸಿ ಜಗಳವಾಡಿದವಳು. ಅದನ್ನು ಯಾರು ಹಾಕಿಸಿದರು ಎಂದು ಒಮ್ಮೆಯೂ ಕೇಳಿರಲಿಲ್ಲ.

ಮಾರನೆಯ ದಿನವೇ ಮೇಷ್ಟ್ರಿಗೆ ಹೇಳಿದೆ. ಆ ಕೈಯನ್ನು ಲೇಬಲ್ಲಿನಿಂದ ತೆಗೆದುಬಿಡೋಣ ಎಂದೆ.

"ಮೇಡಂ, ಜನ ಹೆಸ್ರು ಕೇಳಲ್ಲ ಈಗ. ಹಚ್ಚೆ ಬಿಯರ್ ಕೊಡಿ ಅಂತಾರೆ. ಅದನ್ನೇ ತೆಗೆದ್ರೆ ಇನ್ನೇನು ಉಳಿಯುತ್ತೆ?"

"ನಾನು ಅವ್ವನ್ನ ಕೇಳ್ದೇನೇ ತಗೊಂಡ್ಬಿಟ್ಟೆ ಸಾರ್. ನಂದಲ್ಲ ಅದು."

ಎರಡು ದಿನ ಬಿಟ್ಟು ಅವರೇ ಫೋನ್ ಮಾಡಿ, ಬದಲಾಯಿಸೋಣ ಎಂದರು. ಬದಲಾದ ಲೇಬಲ್ಲಿಗೆ ಅಬಕಾರಿ ಇಲಾಖೆಯ ಒಪ್ಪಿಗೆ ಬೇಕು. ಅದು ಬರುವವರೆಗೆ ಹಳೆಯದೇ ನಡೆಯಿತು. ನಾನು ಹೊಸದಾಗಿ ಬರೆದದ್ದರಲ್ಲಿ ಬಣ್ಣ ಅದೇ, ಮೊರ ಅದೇ, ರಾಗಿ ಅದೇ. ಕೈ ಮಾತ್ರ ಇಲ್ಲ.

ಮಾರಾಟ ಇಳಿಯಿತು. ಮೊದಲಿನಷ್ಟು ಕೆಟ್ಟದಾಗಿ ಅಲ್ಲ, ಆದರೂ ಇಳಿಯಿತು. ಅದಕ್ಕಿಂತ ಆಶ್ಚರ್ಯವೆಂದರೆ, ಕಾಯಂ ಗಿರಾಕಿಗಳು ಕೆಲವರು ಮೇಷ್ಟ್ರಿಗೆ ದೂರು ಹೇಳಿದರು. ಈಗ ಮೊದಲಿನ ರುಚಿಯಿಲ್ಲ, ರಾಗಿ ಕಡಿಮೆ ಮಾಡಿದ್ದೀರಿ ಎಂದರು. ಅವರು ಸುಳ್ಳು ಹೇಳುತ್ತಿದ್ದರು ಎಂದು ನನಗೆ ಅನ್ನಿಸುವುದಿಲ್ಲ. ಅವರ ನಾಲಿಗೆಗೆ ನಿಜವಾಗಿಯೂ ಏನೋ ಕಡಿಮೆಯಾಗಿತ್ತು. ಕಣ್ಣು ಅಷ್ಟು ದಿನ ನಾಲಿಗೆಗೆ ಹೇಳಿಕೊಡುತ್ತಿದ್ದ ಮಾತೊಂದು ನಿಂತುಹೋಗಿತ್ತು.

ಆ ವರ್ಷದ ಕೊನೆಗೆ ಮೇಷ್ಟ್ರು ಅವ್ವನನ್ನು ನೋಡಬೇಕೆಂದು ಸಾಸಲಿಗೆ ಬಂದರು. ಜಗಲಿಯ ಮೇಲೆ ಮುದುರಿ ಕೂತು, "ತಪ್ಪಾಯ್ತು ಅಮ್ಮ" ಎಂದರು. ಅವ್ವ ಮುದ್ದೆ, ಉಪ್ಸಾರು ಬಡಿಸಿದಳು. ಊಟದ ನಡುವೆ, ರಾಗಿಯನ್ನು ಮೊಳಕೆ ಹೇಗೆ ಕಟ್ಟುತ್ತೀರಿ ಎಂದು ಕೇಳಿದಳು. ಅವರು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, "ಬಿಸಿಲಿಗೆ ಒಣಗಾಕ್ಬೇಡಪ್ಪ, ನೆಳ್ಳಲ್ಲಿ ಒಣಗ್ಸು. ಮಕ್ಳಿಗೆ ಸರಿ ಹಿಟ್ಟು ಮಾಡೋವಾಗ ನಾವು ಹಂಗೇ ಮಾಡೋದು" ಎಂದಳು. ಮೇಷ್ಟ್ರು ಜೇಬಿನಿಂದ ಪುಸ್ತಕ ತೆಗೆದು ಎಡಗೈಯಲ್ಲೇ ಬರೆದುಕೊಂಡರು.

ನನ್ನ ಜೊತೆ ಅವ್ವ ಆ ವಿಷಯವನ್ನು ಮತ್ತೆ ಎತ್ತಲಿಲ್ಲ. ಮೊದಲಿನ ಹಾಗೆಯೇ ಮಾತಾಡುತ್ತಾಳೆ, ನಾನು ವಾಪಸ್ ಹೊರಟಾಗ ಚೀಲಕ್ಕೆ ಹುರುಳಿ, ಅವರೆ ತುಂಬಿಕೊಡುತ್ತಾಳೆ. ಆದರೆ ನಾನು ಫೋಟೊ ತೆಗೆಯಲೆಂದು ಫೋನ್ ಎತ್ತಿದರೆ ಸೆರಗನ್ನು ಮುಂಗೈ ಮೇಲೆ ಎಳೆದುಕೊಳ್ಳುತ್ತಾಳೆ. ಅದನ್ನು ಅವಳು ಗೊತ್ತಿದ್ದೇ ಮಾಡುತ್ತಾಳೋ, ಗೊತ್ತಿಲ್ಲದೆ ಆಗುತ್ತದೋ ನಾನು ಕೇಳಿಲ್ಲ. ಫೋನನ್ನು ಕೆಳಗಿಡುತ್ತೇನೆ.