ಆರ್.ಟಿ. ನಗರದ ಸಮುದ್ರಕ್ಕೆ ಯಾವ ಉಪ್ಪು

ಗಂಗಾದೇವಿ ಸಮುದ್ರ ನೋಡಿದ್ದೇ ಮೂವತ್ತು ದಾಟಿದ ಮೇಲೆ. ಹುಟ್ಟಿದ್ದು ಬಾಗಲಕೋಟೆ ಕಡೆ. ಅಲ್ಲಿ ನೀರಂದರೆ ಬಾವಿ, ಹೆಚ್ಚೆಂದರೆ ಹೊಳೆ. ಓದಿದ್ದು ಪ್ರಾಣಿಶಾಸ್ತ್ರ, ಮದುವೆಯಾಗಿ ಬಂದದ್ದು ಬೆಂಗಳೂರಿನ ಆರ್.ಟಿ. ನಗರಕ್ಕೆ, ಪಾಠ ಹೇಳುತ್ತಿದ್ದದ್ದು ಯಶವಂತಪುರದ ಕಡೆಯ ಒಂದು ಕಾಲೇಜಿನಲ್ಲಿ. ವರ್ಷವರ್ಷವೂ ಒಂದು ಬಾಟಲಿ ಎತ್ತಿ ಹಿಡಿದು "ಇದು ಸಮುದ್ರಹೂವು. ಹೆಸರಿಗೆ ಹೂವು, ನಿಜಕ್ಕೂ ಪ್ರಾಣಿ" ಅನ್ನುತ್ತಿದ್ದಳು. ಬಾಟಲಿಯೊಳಗೆ ಔಷಧಿ ನೀರಿನಲ್ಲಿ ನೆನೆದು ನೆನೆದು ಬೆಳ್ಳಗಾದ ಒಂದು ಮುದ್ದೆ. ಹಿಂದಿನ ಬೆಂಚಿನವರು "ನೆನೆಸಿದ ಇಡ್ಲಿ ಇದ್ದಂಗಿದೆ ಮೇಡಂ" ಅಂತ ನಗೋರು. ಅವರದೇನು ತಪ್ಪು? ಇದ್ದದ್ದೂ ಹಾಗೇ.

ಎಂಬತ್ತಮೂರರಲ್ಲಿ ವಿದ್ಯಾರ್ಥಿಗಳ ಜೊತೆ ರಾಮೇಶ್ವರದ ಕಡಲಿಗೆ ಪ್ರವಾಸ ಹೋದಾಗ, ಮೊಣಕಾಲುದ್ದ ನೀರಿನಲ್ಲಿ ನಿಂತು ಬಗ್ಗಿ ನೋಡಿದಳು. ಬಂಡೆಗೆ ಅಂಟಿಕೊಂಡು ಜೀವಂತ ಸಮುದ್ರಹೂವು ಅರಳಿತ್ತು. ಎಸಳೆಲ್ಲ ನೀರಿನ ಜೊತೆ ತೂಗುತ್ತಿದ್ದವು, ನಡುವೆ ಎರಡು ಕಿತ್ತಳೆ ಮೀನು, ಮೈಮೇಲೆ ಬಿಳಿ ಪಟ್ಟೆ. ಬೇರೆ ಮೀನು ಹತ್ತಿರ ಬಂದರೆ ಕುಟುಕುವ ಆ ಎಸಳು ಈ ಮೀನುಗಳಿಗೆ ಮಾತ್ರ ಮನೆ. ಖುಷಿಯಾಗಬೇಕಿತ್ತಲ್ಲ? ಸಿಟ್ಟು ಬಂತು ಕಣ್ರೀ ಆಕೆಗೆ. "ಹಾಳಾದ್ದು, ಇಷ್ಟು ವರ್ಷ ಹುಡುಗರಿಗೆ ಹೆಣ ತೋರಿಸಿ ಪಾಠ ಮಾಡೀನಲ್ಲ!" ಅಂತ ಹಲ್ಲು ಕಚ್ಚಿದಳು. ಮುಂದಿನ ವರ್ಷದ ಮಕ್ಕಳಿಗೆ ಬಾಟಲಿ ತೋರಿಸಬಾರದು, ಉಸಿರಾಡೋ ಸಮುದ್ರಹೂವನ್ನೇ ತೋರಿಸಬೇಕು ಅಂತ ಅಲ್ಲೇ ಹಟ ತೊಟ್ಟಳು.

ಹಟ ಅಂದರೆ ಹಟ. ಬೆಸ್ತರಿಗೆ ಹೇಳಿ ಅಂಥದೇ ಒಂದು ಹೂವು, ಎರಡು ಮೀನು ಹಿಡಿಸಿದಳು. ಗಾಳಿ ತುಂಬಿದ ಪ್ಲಾಸ್ಟಿಕ್ ಚೀಲದಲ್ಲಿ ಅವನ್ನೂ, ಕ್ಯಾನುಗಳಲ್ಲಿ ಸಮುದ್ರದ ನೀರನ್ನೂ ರೈಲಿನಲ್ಲಿ ಹೊತ್ತು ತಂದಳು. ನಡುಮನೆಯಲ್ಲಿ ಗಾಜಿನ ತೊಟ್ಟಿ ಎದ್ದಿತು. ಗೊರಗುಂಟೆಪಾಳ್ಯದ ಕಡೆ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರಾಗಿದ್ದ ಗಂಡ ಚನ್ನಪ್ಪ, "ಲಿಂಗಾಯತರ ಮನ್ಯಾಗ ಮೀನು! ಮಂದಿ ಏನಂತಾರ ಗಂಗಾ?" ಅಂದ. "ಸಾರಿಗೆ ಹಾಕಾಕ ತಂದಿಲ್ಲ, ಸುಮ್ನಿರ್ರಿ" ಅಂದಳು. ಅಲ್ಲಿಗೆ ಆ ಮಾತು ಮುಗಿಯಿತು.

ಮುಗಿಯದ್ದು ಉಪ್ಪಿನ ಮಾತು. ತೊಟ್ಟಿಯ ನೀರು ಕೆಡುತ್ತದೆ, ಆಗಾಗ ಒಂದಿಷ್ಟು ತೆಗೆದು ಹೊಸದು ಹಾಕಬೇಕು. ಹೊಸ ನೀರು ಎಲ್ಲಿಂದ? ಹೆಬ್ಬಾಳದ ಕೆರೆಯಲ್ಲಿ ಅಲೆ ಬರುತ್ತದೆಯೇ? ನಲ್ಲಿ ನೀರಿಗೆ ಉಪ್ಪು ಬೆರೆಸಿ ಮನೆಯಲ್ಲೇ ಸಮುದ್ರ ಮಾಡಿಕೊಳ್ಳಬೇಕು. ಯಾವ ಉಪ್ಪು ಅನ್ನುವುದೇ ಆಕೆಯ ತಲೆ ತಿಂದದ್ದು.

ಮೊದಲು ಪಿಳ್ಳಣ್ಣನ ಕಲ್ಲುಪ್ಪು. ಪಿಳ್ಳಣ್ಣ ರಸ್ತೆ ತಿರುವಿನ ದಿನಸಿ ಅಂಗಡಿಯವನು, ಹೆಬ್ಬಾಳದ ಹಳೇ ಒಕ್ಕಲು ಮನೆತನ. "ಮೀನಿಗೆ ಹಾಕೋಕೆ ಯಾವ ಉಪ್ಪು ಒಳ್ಳೇದು?" ಅಂದರೆ, "ಇದೂ ಸಮುದ್ರದ್ದೇ ಅಲ್ವೇನಕ್ಕ? ಉಪ್ಪೇನು ಒಲದಾಗೆ ಬೆಳೀತದಾ?" ಅಂತ ಗೋಣಿಯಿಂದ ಅಳೆದುಕೊಟ್ಟ. ಆಕೆ ಕಲ್ಲು ಕಸ ಆರಿಸಿ, ಕರಗಿಸಿ, ಹಳೇ ಪಂಚೆಯಲ್ಲಿ ಸೋಸಿ ಹಾಕಿದಳು. ಹೂವು ಅರಳಿತು! ನಾಲ್ಕು ದಿನ ನಡುಮನೆಗೆ ಹಬ್ಬ. ಐದನೆಯ ದಿನ ಎಸಳು ಒಳಗೆಳೆದುಕೊಂಡು ಮುದುಡಿತು, ಮೀನು ಮೂಲೆ ಸೇರಿದವು. ಸೀಸೆಯಲ್ಲಿ ನೀರು ತುಂಬಿಕೊಂಡು ಕಾಲೇಜಿನ ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರೆ, ಇರಬೇಕಾದ್ದಕ್ಕಿಂತ ಉಪ್ಪು ಹೆಚ್ಚು.

ನೀರು ಆರಿ ಕಮ್ಮಿಯಾದರೆ ಉಪ್ಪು ಹೆಚ್ಚುತ್ತದೆ ಅನ್ನುವುದು ಆಕೆಗೆ ಗೊತ್ತಿಲ್ಲದ್ದೇನಲ್ಲ. ಗಾಜಿನ ಮೇಲೆ ಗೆರೆ ಹಾಕಿ, ಆರಿದಷ್ಟು ಸಪ್ಪೆ ನೀರನ್ನೇ ತುಂಬುತ್ತಿದ್ದಳು. ಆದರೂ ಹೆಚ್ಚಾಗಿದೆ ಅಂದರೆ ಹರಳು ಪೂರ್ತಿ ಕರಗದೆ ಆಮೇಲೆ ಕರಗಿರಬೇಕು ಅಂತ ತೀರ್ಮಾನಿಸಿದಳು. ಮುಂದಿನ ಸಲ ಉಪ್ಪು ಕಮ್ಮಿ ಮಾಡಿದಳು. ಮೀನು ಸಪ್ಪೆ ನೀರಿನಲ್ಲಿ ತೂಕಡಿಸಿದವು, ಎರಡು ದಿನ ಚುರುಕಾದವು, ಆಮೇಲೆ ಮತ್ತೆ ಅದೇ ಗೋಳು, ಮತ್ತೆ ಉಪ್ಪು ಜಾಸ್ತಿ.

ಕಲ್ಲುಪ್ಪು ಬೇಡ ಅಂತ ಪ್ಯಾಕೆಟ್ಟಿನ ಪುಡಿ ಉಪ್ಪು ತಂದಳು. ನೀರು ಅಕ್ಕಿ ತೊಳೆದ ಹಾಗಾಯಿತು. ಅದನ್ನು ಚೆಲ್ಲಿ, ಪುಸ್ತಕ ನೋಡಿ ಮತ್ತೆ ಪಿಳ್ಳಣ್ಣನ ಉಪ್ಪಿಗೇ ಲ್ಯಾಬಿನ ಉಪ್ಪುಗಳನ್ನು ತೂಗಿ ಬೆರೆಸಿದಳು. ಅದರಲ್ಲೊಂದು ಹೊಟ್ಟೆ ಕಟ್ಟಿದವರಿಗೆ ಡಾಕ್ಟರು ಕೊಡುವಂಥದು. "ಮೀನಿಗೂ ಭೇದಿ ಮಾಡಿಸ್ತೀಯೇನ?" ಅಂತ ಚನ್ನಪ್ಪ ನಕ್ಕ. ಆಕೆಗೆ ನಗು ಬರಲಿಲ್ಲ. ಆ ಬೆರಕೆಯೂ ಒಂದು ವಾರ ಬಾಳಿತು ಅಷ್ಟೇ. ಪಿಳ್ಳಣ್ಣನ ಅಂಗಡಿಗೆ ಹೋಗಿ ನಾಲ್ಕು ಜನರ ಮುಂದೆ, "ನೀವು ಉಪ್ಪಿಗೆ ಏನೋ ಕಲಬೆರಕೆ ಮಾಡೀರಿ" ಅಂದುಬಿಟ್ಟಳು. ಪಿಳ್ಳಣ್ಣನ ಮುಖ ಕೆಂಪಗಾಯಿತು. "ಓದಿರೋರು ನೀವು ಇಂಗನ್ಬೋದಾ? ಬ್ಯಾರೆ ಅಂಗ್ಡಿ ನೋಡ್ಕಳಿ ತಾಯಿ" ಅಂದ. ಅವತ್ತಿಂದ ಆಕೆ ಸಾಸಿವೆ ಬೇಕೆಂದರೂ ಮುಖ್ಯ ರಸ್ತೆ ದಾಟಿ ಹೋಗಬೇಕಾಯಿತು.

ಇನ್ನು ಮನೆಯಲ್ಲಿ ಅತ್ತೆ ದಾನವ್ವ. ಮಗ ಸೊಸೆ ಬೆಳಿಗ್ಗೆ ಬಸ್ಸು ಹತ್ತಿದರೆ ಸಂಜೆವರೆಗೆ ಒಬ್ಬಳೇ. ಬೆಂಗಳೂರಿನ ಮಾತು ಆಕೆಗೆ ಹತ್ತುತ್ತಿರಲಿಲ್ಲ, ಆಕೆಯ ಮಾತು ಬೆಂಗಳೂರಿಗೆ ಹತ್ತುತ್ತಿರಲಿಲ್ಲ. ತೊಟ್ಟಿ ಬಂದ ಮೇಲೆ ಅದರ ಮುಂದೆಯೇ ಮಣೆ ಹಾಕಿಕೊಂಡು ಕೂರೋಳು. ಪಕ್ಕದ ಮನೆಯ ಕುಲ್ಸುಮ್ ಬಾಯಿ ಒಂದು ದಿನ ನೋಡಿ "ಯಾ ಅಲ್ಲಾ, ಏನ್ ಚೆಂದ!" ಅಂದದ್ದೇ ತಡ, ಬೀದಿಗೆಲ್ಲ ಸುದ್ದಿ. ತರಕಾರಿಯವಳು, ಹಾಲಿನವನು, ಅಂಚೆಯವನು ಎಲ್ಲರೂ ಬಂದರು. ದಾನವ್ವ ಬಂದವರಿಗೆಲ್ಲ ಚಹಾ ಕೊಟ್ಟು, "ನಮ್ಮ ಗಂಗವ್ವ ತಂದಾಳ್ರೀ, ಸಮುದ್ರದಾಗಿಂದ" ಅಂತ ಬೀಗೋಳು. ಗಾಜಿನ ಮೇಲೆ ಬೆರಳ ಗುರುತು ನೋಡಿ ಗಂಗಾದೇವಿಗೆ ಮೈ ಉರಿಯುತ್ತಿತ್ತು. ಅತ್ತೆಗೆ ಏನು ಹೇಳುವುದು ಅಂತ ಬಟ್ಟೆ ತಗೊಂಡು ಒರೆಸಿ ಸುಮ್ಮನಾಗುತ್ತಿದ್ದಳು.

ಕೊನೆಗೆ ಚನ್ನಪ್ಪನೇ ಗೆಳೆಯನೊಬ್ಬನಿಗೆ ಹೇಳಿ ಬೊಂಬಾಯಿಯಿಂದ ಫಾರಿನ್ ಉಪ್ಪು ತರಿಸಿದ. ಇಂಥ ತೊಟ್ಟಿಗೆಂದೇ ಮಾಡಿದ್ದು, ಮೇಲೆ ಹವಳದ ಚಿತ್ರ. "ಇನ್ನ ನಿನ್ನ ತಲಿಬ್ಯಾನಿ ಮುಗೀತು ಬಿಡು" ಅಂದ. ಗಂಗಾದೇವಿ ಪ್ಯಾಕೆಟ್ಟಿನ ಮೇಲೆ ಹೇಳಿದ ಅಳತೆಗೇ ಬೆರೆಸಿ, ಲ್ಯಾಬಿನಲ್ಲಿ ನೋಡಿಸಿ, ಕರಾರುವಾಕ್ಕಾಗಿದೆ ಅಂತ ಗೊತ್ತಾದ ಮೇಲೆ ತೊಟ್ಟಿಯ ನೀರು ಪೂರಾ ಬದಲಿಸಿದಳು. ಹೂವು ತಟ್ಟೆಯಗಲ ಅರಳಿತು. "ಮುಂದಿನ ವಾರ ನಮ್ಮ ಮನೆಗೆ ಬನ್ನಿ" ಅಂತ ಕ್ಲಾಸಿನಲ್ಲಿ ಹೇಳಿಯೂಬಿಟ್ಟಳು.

ಅಷ್ಟರಲ್ಲಿ ಗಣೇಶನ ಹಬ್ಬ ಬಂತು. ನೂರೆಂಟು ಗಣಪತಿ ನೋಡಬೇಕೆಂದು ಮನೆಮನೆ ತಿರುಗುವ ಮಕ್ಕಳು, ಅವರ ಹಿಂದೆ ದೊಡ್ಡವರು, ಎಲ್ಲ ಇವರ ಮನೆಗೂ ಬಂದು ಗಣಪತಿಗೆ ಒಂದು ಕೈ ಮುಗಿದು ಮೀನಿಗೆ ಮುಗಿಬಿದ್ದರು. ಮರುದಿನ ಹೂವು ಕುಗ್ಗಿತು. ಅದರ ಮರುದಿನ ಲೋಳೆಯಾಗಿ ಅಂಟಿದ್ದ ಕಲ್ಲಿನಿಂದ ಕಳಚಿ ನಾರತೊಡಗಿತು, ಒಂದು ಮೀನು ಹೊಟ್ಟೆ ಮೇಲಾಗಿ ತೇಲಿತು. ಗಂಗಾದೇವಿ ಎರಡನ್ನೂ ಕೈಯಲ್ಲೇ ತೆಗೆದು ಹಿತ್ತಲಲ್ಲಿ ಹೂತಳು. ಕ್ಲಾಸಿಗೆ ಹೋಗಿ "ಬರಬೇಡ್ರಪ್ಪ" ಅಂದಳು. ಆಮೇಲೆ ಅದೇ ಬಾಟಲಿ ಎತ್ತಿ ತೋರಿಸಿದಳು. ಆ ಒಂದು ಗಂಟೆ ಆಕೆಗೆ ಹೇಗೆ ಕಳೆಯಿತೋ ಆಕೆಗೇ ಗೊತ್ತು.

ಉಳಿದ ಒಂದು ಮೀನಿಗಾಗಿ ಕೊನೆಯ ಪ್ಯಾಕೆಟ್ಟನ್ನೂ ಒಡೆದು ಹೊಸ ನೀರು ಮಾಡಿ ಹಾಕಿದಳು. ಎರಡು ದಿನ ಕಳೆದಿರಬೇಕು, ಪರೀಕ್ಷೆ ಕೆಲಸ ಬೇಗ ಮುಗಿದು ಮಧ್ಯಾಹ್ನವೇ ಮನೆಗೆ ಬಂದಳು. ಗೇಟಿನಲ್ಲಿ ಕುಲ್ಸುಮ್ ಬಾಯಿಯ ಅಕ್ಕನ ಮಕ್ಕಳು ಎದುರಾಗಿ, ಮೀನು ನೋಡಿ ಬಂದೆವು ಅಂತ ನಗುತ್ತಾ ಹೋದರು. ಒಳಗೆ ಬಂದರೆ ದಾನವ್ವ ತೊಟ್ಟಿಯ ಮುಂದೆ ನಿಂತಿದ್ದಾಳೆ. ಮುಷ್ಟಿ ಬಿಗಿದಿದ್ದಾಳೆ. ಗಾಜಿನ ಸುತ್ತ ಕೈ ನಿವಾಳಿಸುತ್ತಾ, "ಬಂದವರ ಕಣ್ಣು, ಹೋದವರ ಕಣ್ಣು, ಹೊಟ್ಟಿಕಿಚ್ಚಿನವರ ಕಣ್ಣು, ಎಲ್ಲಾ ಕರಗಿ ಹೋಗ್ಲಿ" ಅಂತ ಗೊಣಗುತ್ತಾ, ಮುಷ್ಟಿಯ ಕಲ್ಲುಪ್ಪನ್ನು ಬುಳಕ್ಕನೆ ತೊಟ್ಟಿಗೇ ಹಾಕಿದಳು.

ಗಂಗಾದೇವಿಯ ಚೀಲ ಕೈಯಿಂದ ಜಾರಿತು. "ಅತ್ತೀ! ಏನ್ ಮಾಡಾಕತ್ತೀರಿ?"

"ದೃಷ್ಟಿ ತೆಗಿಯಾಕತ್ತೀನವಾ. ಅವರು ಬಾಯಿ ಬಿಟ್ಕೊಂಡು ನೋಡಿದ್ರಲ್ಲ."

"ತೊಟ್ಟ್ಯಾಗ ಯಾಕ ಹಾಕಿದ್ರಿ?"

"ದೃಷ್ಟಿ ಉಪ್ಪು ನೀರಾಗs ಕರಗಬೇಕು. ಊರಾಗಾದ್ರ ಬಾವಿ ಇತ್ತು. ಇಲ್ಲಿ ಇದು ಹೆಂಗೂ ಉಪ್ಪಿನ ನೀರು. ನೀನs ಸೇರುಗಟ್ಲೆ ಹಾಕ್ತೀ, ನಂದೊಂದು ಮುಷ್ಟಿ ಏನು ಹೆಚ್ಚು?"

"ಎಷ್ಟು ದಿನದಿಂದ?"

"ಮಂದಿ ಬರಾಕ ಹತ್ತಿದಾಗಿಂದ. ಒಬ್ಬೊಬ್ಬರು ಹೋದ ಮ್ಯಾಲೆ ಒಂದೊಂದು. ಗಣಪತಿ ಹಬ್ಬದಾಗ ಡಬ್ಬಿನs ಖಾಲಿ ಆತು ನೋಡು."

ಪಿಳ್ಳಣ್ಣನ ಉಪ್ಪು ಒಳ್ಳೆಯದೋ ಕೆಟ್ಟದ್ದೋ, ಪುಸ್ತಕದ ಬೆರಕೆ ಸರಿಯೋ ತಪ್ಪೋ, ಈಗ ಯಾರಿಗೆ ಗೊತ್ತು? ಒಂದನ್ನೂ ನೆಟ್ಟಗೆ ನೋಡಿದ ಹಾಗಾಗಲಿಲ್ಲ. ಎಲ್ಲ ನೀರುಪಾಲು. "ನೀವs ಕೊಂದ್ರಿ ಅತ್ತಿ! ಹೆಚ್ಚಿನ ಉಪ್ಪಿಗೇ ಸತ್ತವು ಅವು. ನಿಮ್ಮ ಮುಷ್ಟಿಯಿಂದಲೇ ಸತ್ತವು!" ಅಂತ ಕೂಗಿದಳು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಆಕೆ ಅಷ್ಟು ದೊಡ್ಡ ದನಿ ತೆಗೆದದ್ದಿಲ್ಲ.

ದಾನವ್ವ ಅಂಗೈಗೆ ಅಂಟಿದ್ದ ಹರಳು ನೋಡಿಕೊಂಡಳು. ಸೆರಗಿಗೆ ಒರೆಸಿಕೊಂಡಳು. "ಸಾಯಬಾರದು ಅಂತ ಹಾಕಿದ್ದೆ" ಅಂದಳು. "ಗಂಡಗ ಹೇಳಿದಿ, ಅಂಗಡ್ಯಾಂವಗ ಹೇಳಿದಿ, ಕಾಲೇಜಿನವರಿಗೆಲ್ಲ ಹೇಳಿದಿ. ದಿನಾ ಇದರ ಮುಂದ ಕೂತಿರಾಕಿ ನಾನು. ನನಗೊಂದು ಮಾತು ಹೇಳಿದ್ದೇನವಾ?" ಅಂದಳು.

ಗಂಗಾದೇವಿಯ ಸಿಟ್ಟು ಎಲ್ಲಿಗೂ ಹೋಗಲಿಲ್ಲ. ಅದನ್ನು ಯಾರ ಮೇಲೆ ಹಾಕುವುದು ಅನ್ನುವುದೇ ತಿಳಿಯದಾಯಿತು. ಚೊಂಬು ತಗೊಂಡು ತೊಟ್ಟಿಯ ನೀರು ಮೊಗೆದು ಚೆಲ್ಲುತ್ತಾ, ಸಪ್ಪೆ ನೀರು ಒಂದೊಂದೇ ಲೋಟ ಹಾಕುತ್ತಾ ಸಂಜೆ ಮಾಡಿದಳು. ನಡುನಡುವೆ, ಒರಟಾಗಿಯೇ, ಎಷ್ಟು ಉಪ್ಪು ಬೇಕು, ಹೆಚ್ಚಾದರೆ ಏನಾಗುತ್ತದೆ ಅಂತ ಅತ್ತೆಗೆ ಹೇಳಿದಳು. ದಾನವ್ವ ಹೂಂ ಹೂಂ ಅಂದಳು. "ಉಪ್ಪು ಹಾಕಲಿಲ್ಲಂದ್ರ ದೃಷ್ಟಿ ಹೆಂಗ ಹೋಗತೈತಿ?" ಅಂತ ಒಂದೇ ಸಲ ಕೇಳಿದಳು. ಮೀನು ಬದುಕಿತು.

ಭಾನುವಾರ ಬಾಗಿಲು ತಟ್ಟಿದ ಸದ್ದು. ಗಂಗಾದೇವಿ ಅಡುಗೆಮನೆಯಲ್ಲಿದ್ದಳು. ಹೊರಗೆ ಕುಲ್ಸುಮ್ ಬಾಯಿಯ ದನಿ, ಕೋಲಾರದಿಂದ ಬಂದ ನೆಂಟರಿಗೆ ಮೀನು ತೋರಿಸಬೇಕಂತೆ. ಇಣುಕಿ ನೋಡಿದರೆ ದಾನವ್ವ ಹೊಸ್ತಿಲಲ್ಲಿ ಅಡ್ಡ ನಿಂತಿದ್ದಳು. ಬಾಗಿಲನ್ನು ತನ್ನ ಮೈಯಗಲದಷ್ಟೇ ತೆರೆದಿದ್ದಳು.

"ಮೀನು ಎಲ್ಲೈತ್ರೀ ಬಾಯಿ, ಅದೂ ಸತ್ತು ಹೋತು" ಅನ್ನುತ್ತಿದ್ದಳು. "ಇನ್ನ ನೋಡಾಕ ಏನೂ ಉಳಿದಿಲ್ಲ. ಬರಬ್ಯಾಡ್ರಿ."

"ಅರೆ ಪಾಪ! ಚಾಯ್‌ಗಾದ್ರೂ ಒಳಗೆ ಬರ್ತೀವಿ..."

"ಇಲ್ರೀ. ಇವತ್ತು ಬ್ಯಾಡ."

ಬಾಗಿಲು ಮುಚ್ಚಿ ಅಗಳಿ ಹಾಕಿ, ಸೆರಗಿನಿಂದ ಕಣ್ಣೊರೆಸಿಕೊಂಡು, ದಾನವ್ವ ಮಣೆ ಎಳೆದುಕೊಂಡು ಆ ಒಂಟಿ ಮೀನಿನ ಮುಂದೆ ಒಬ್ಬಳೇ ಕೂತಳು.