ಹೇಳದೆ ಉಳಿಸಿಕೊಂಡ ಕೊಂಡಿ

ಹೋದ ವಾರ ಶಿವಮೊಗ್ಗದ ವಿನೋಬನಗರದ ನಮ್ಮ ಪಕ್ಕದ ಮನೆಯವರು ಅಟ್ಟದಿಂದ ಹಳೆಯ ಶ್ರುತಿಪೆಟ್ಟಿಗೆಯೊಂದನ್ನು ಇಳಿಸಿ, ಇನ್ನೂ ನುಡಿಯುತ್ತದೆಯೇ ನೋಡಿ ಎಂದು ನನ್ನ ಕೈಗೆ ಕೊಟ್ಟರು. ತಿದಿ ಎಳೆದೆ. ಸ್ವರ ಹೊರಡಲಿಲ್ಲ, ಹಳೆಯ ಚರ್ಮ, ಧೂಳು, ನುಸಿಗುಳಿಗೆ ಬೆರೆತ ಗಾಳಿ ಮುಖಕ್ಕೆ ಬಡಿಯಿತು. ಭದ್ರಾವತಿಯ ಕಾರ್ಖಾನೆ ಕ್ವಾರ್ಟರ್ಸ್‌ನಲ್ಲಿ, ನಮ್ಮ ಸಂಗೀತದ ಮೇಷ್ಟ್ರ ಜಗುಲಿಯಲ್ಲಿ, ಭಾನುವಾರ ಬೆಳಿಗ್ಗೆ ಇದೇ ವಾಸನೆ ಇರುತ್ತಿತ್ತು...

ಮೇಷ್ಟ್ರು ಎಂದು ನಾವು ಕರೆಯುತ್ತಿದ್ದೆವಾದರೂ ಅವರ ಉದ್ಯೋಗ ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಕಬ್ಬಿಣದ ಮಾದರಿಗಳನ್ನು ಪರೀಕ್ಷಿಸುವುದು. ವಾರಕ್ಕೊಮ್ಮೆ ಏಳೆಂಟು ಮಕ್ಕಳಿಗೆ ಪಾಠ. ಪಾಠ ಮುಗಿದ ಮೇಲೆ ಒಂದು ಆಟ. ಅದಕ್ಕೆ ಕೊಂಡಿ ಎನ್ನುತ್ತಿದ್ದರು. ಇಬ್ಬರು ವಾಗ್ಗೇಯಕಾರರ ಹೆಸರು ಹೇಳಿ ಸುಮ್ಮನಾಗುವರು. ಅವರಿಬ್ಬರ ನಡುವೆ ಮೇಲ್ನೋಟಕ್ಕೆ ಕಾಣದ ಸಂಬಂಧವನ್ನು ನಾವು ಊಹಿಸಬೇಕು. ಒಬ್ಬರ ಶಿಷ್ಯ ಮುನಿಸಿಕೊಂಡು ಇನ್ನೊಬ್ಬರ ಮನೆ ಸೇರಿರಬಹುದು; ಒಬ್ಬರು ಬಳಕೆಗೆ ತಂದ ರಾಗದಲ್ಲಿ ಇನ್ನೊಬ್ಬರು ಒಂದೇ ಒಂದು ಕೃತಿ ರಚಿಸಿರಬಹುದು. ಸರಿಯಾಗಿ ಹೇಳಿದವರಿಗೆ ಆ ಕೊಂಡಿಯ ಹಾಡನ್ನು ಕಲಿಸುತ್ತಿದ್ದರು. ಯಾರೂ ಹೇಳದಿದ್ದರೆ ಉತ್ತರವೂ ಇಲ್ಲ, ಹಾಡೂ ಇಲ್ಲ. ಎಷ್ಟು ಕಾಡಿದರೂ ಬಿಟ್ಟುಕೊಡುತ್ತಿರಲಿಲ್ಲ. ಹುಡುಕದೆ ಸಿಕ್ಕ ಹಾಡು ಗಂಟಲಲ್ಲಿ ನಿಲ್ಲುವುದಿಲ್ಲವೆಂಬುದು ಅವರ ನಂಬಿಕೆ.

ನನಗೆ ಹದಿನಾರು ಇದ್ದಾಗ ಒಂದು ಭಾನುವಾರ ಅವರು ತಂಜಾವೂರು ಸೀಮೆಯ ದೊಡ್ಡ ವಾಗ್ಗೇಯಕಾರರೊಬ್ಬರ ಹೆಸರು ಹೇಳಿದರು. ಎರಡನೆಯ ಹೆಸರು ಹೇಳಲಿಲ್ಲ. ಎರಡನೆಯವರು ನಮ್ಮೂರಿನವರು, ಯಾರೆಂಬುದನ್ನೂ ನೀವೇ ಕಂಡುಹಿಡಿಯಿರಿ ಎಂದರು.

ನಮ್ಮಲ್ಲಿದ್ದ ಒಬ್ಬ ತುಂಟ, "ನಮ್ಮೂರಲ್ಲಿ ಯಾರಿದಾರೆ ಸಾರ್? ಕಬ್ಣ ಕಾಯ್ಸೋರು ಬಿಟ್ರೆ," ಅಂದ.

ಎಲ್ಲರೂ ನಕ್ಕರು. ನಾನೂ ನಕ್ಕೆ. ಮೇಷ್ಟ್ರು ನಗಲಿಲ್ಲ. ಅವನನ್ನೇ ನೋಡುತ್ತ, ಇನ್ನೊಂದು ಮಾತು ಆಡುತ್ತಾನೇನೋ ಎಂಬಂತೆ ಕಾದರು. ಮೇಷ್ಟ್ರ ಆ ಮುಖ ನೋಡಿದ ಕೂಡಲೇ ನನಗೆ ಉತ್ತರ ಹೊಳೆಯಿತು.

ಅದಕ್ಕೆ ಎರಡು ತಿಂಗಳ ಹಿಂದೆ ಒಂದು ದಿನ ನಾನು ಪಾಠಕ್ಕೆ ಬೇಗ ಹೋಗಿದ್ದೆ. ಜಗುಲಿಯ ಬೆಂಚಿನ ಮೇಲೆ ಫರ್ನೇಸಿನ ನೀಲಿ ಅಂಗಿ ತೊಟ್ಟ ಮುದುಕರೊಬ್ಬರು ಕುಳಿತಿದ್ದರು. ತಮಿಳಿನವರು, ಆಚೆ ಸಾಲಿನ ಮನೆಯವರು. ಮೊಣಕೈವರೆಗೆ ಸುಟ್ಟ ಕಲೆ. ನಮ್ಮ ಮೇಷ್ಟ್ರು ಅವರ ಕಾಲ ಬಳಿ ನೆಲದ ಮೇಲೆ ಕುಳಿತು, ಆ ಮುದುಕರೇ ಕಟ್ಟಿದ ಹಾಡನ್ನು ಒಂದೊಂದೇ ಸಾಲು ಹೇಳಿಸಿಕೊಳ್ಳುತ್ತಿದ್ದರು. ತಮಿಳು ಕಲಸಿದ ಕನ್ನಡ. ಅದರಲ್ಲಿ ಭದ್ರಾ ನದಿಯ ಹೆಸರಿತ್ತು. ಮುದುಕರ ಅಜ್ಜ ತಂಜಾವೂರಿನಲ್ಲಿ ಆ ದೊಡ್ಡವರ ಶಿಷ್ಯರೊಬ್ಬರಲ್ಲಿ ಕಲಿತವರಂತೆ. ಅವತ್ತು ಮಾತಿನ ನಡುವೆ ಅಷ್ಟು ನನ್ನ ಕಿವಿಗೆ ಬಿದ್ದಿತ್ತು.

ಇಷ್ಟು ಗೊತ್ತಿದ್ದೂ ನಾನು ಬಾಯಿ ಬಿಡಲಿಲ್ಲ. ನಮ್ಮ ತಂದೆ ಕಾರ್ಖಾನೆಯ ಆಫೀಸಿನಲ್ಲಿದ್ದರು. ಫರ್ನೇಸಿನ ಕೂಲಿಯವರೊಬ್ಬರನ್ನು ವಾಗ್ಗೇಯಕಾರರೆಂದರೆ ಉಳಿದವರು ನನ್ನನ್ನು ನೋಡಿ ನಗುತ್ತಾರೆಂದು ಹೆದರಿದೆ. ಬೇರೆ ಕಾರಣವಿರಲಿಲ್ಲ.

ಆ ವರ್ಷವೇ ಮುದುಕರು ತೀರಿಕೊಂಡರು. ಮೇಷ್ಟ್ರು ಆಗಾಗ, ಆ ಕೊಂಡಿ ಹಾಗೇ ಇದೆ ಎಂದು ನೆನಪಿಸುತ್ತಿದ್ದರು. ಆಮೇಲೆ ನನಗೆ ಶಿವಮೊಗ್ಗದಲ್ಲಿ ಕೆಲಸ, ಮದುವೆ... ಕಾರ್ಖಾನೆ ನಿಂತಿತು, ಕ್ವಾರ್ಟರ್ಸ್ ಖಾಲಿಯಾಯಿತು. ಮುಕ್ಕಾಲು ಗಂಟೆಯ ಬಸ್ಸಿನ ದಾರಿ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಹೋಗಲಿಲ್ಲ.

ಕಳೆದ ವರ್ಷ ಹೋದೆ. ಮೇಷ್ಟ್ರು ಭದ್ರಾವತಿಯ ಹಳೇನಗರದ ಬಾಡಿಗೆ ಮನೆಯಲ್ಲಿ ಮಗಳ ಜೊತೆಗಿದ್ದರು. ಎಂಬತ್ತು ದಾಟಿದ್ದರೂ ಮಾತು ಚುರುಕಾಗಿತ್ತು. ಗುರುತು ಹಿಡಿದು, ದಪ್ಪಗಾಗಿದೀಯ ಎಂದು ಛೇಡಿಸಿದರು. ನಾನು ಕುಳಿತವಳೇ ಉತ್ತರ ಹೇಳಿದೆ. ನಮ್ಮೂರಿನವರು ಯಾರು, ಅವರ ಅಜ್ಜ ಯಾರ ಬಳಿ ಕಲಿತವರು, ಎಲ್ಲವನ್ನೂ.

ಮೇಷ್ಟ್ರು, "ಇಷ್ಟು ದಿನ ಬೇಕಾಯ್ತಾ ಮಾರಾಯ್ತಿ?" ಎಂದು ನಕ್ಕರು. ಮಗಳ ಕೈಲಿ ಚಾಪೆ ಹಾಸಿಸಿದರು. ಬೆನ್ನು ನೆಟ್ಟಗೆ ಮಾಡಿ ಕುಳಿತು, ಪಲ್ಲವಿ ಕೇಳು, ಅಂದರು.

ಬಾಯಿ ತೆರೆದರು. ಬೇರೊಂದು ಹಾಡು ಬಂತು. ಇದಲ್ಲ ಎಂದು ತಲೆಯಾಡಿಸಿ ಮತ್ತೆ ಶುರು ಮಾಡಿದರು. ಅದೂ ಅದಾಗಿರಲಿಲ್ಲ. ಕೈ ಮಾತ್ರ ತೊಡೆಯ ಮೇಲೆ ತಾಳ ಹಾಕುತ್ತಿತ್ತು, ಏಳು ಎಣಿಕೆ, ಒಮ್ಮೆಯೂ ತಪ್ಪದೆ. ಅದರ ಮೇಲೆ ಕೂರಬೇಕಾದ ಸಾಲು ಬರಲೇ ಇಲ್ಲ.

"ಬರೆದಿಟ್ಟಿಲ್ವಾ ಸಾರ್?"

"ಇಲ್ಲ. ಕೊಂಡಿ ಹೇಳ್ದೋರ ಬಾಯಿಗೇ ಕೊಡ್ಬೇಕು ಅಂತ ಇಟ್ಕೊಂಡಿದ್ದೆ. ನಾನೂ ಹಾಡ್ಕೊಳ್ಳಿಲ್ಲ." ನನ್ನ ಕಡೆ ತಿರುಗಿ ಕೇಳಿದರು: "ನಿಂಗೆ ಇದು ಯಾವಾಗ ಹೊಳೀತು?"

ಈಚೆಗೆ ಎನ್ನಬಹುದಿತ್ತು. ಅವರೆದುರು ಸುಳ್ಳು ಬರಲಿಲ್ಲ.

"ನೀವು ಕೇಳಿದ ದಿನಾನೇ, ಸಾರ್."

ತಾಳ ಹಾಕುತ್ತಿದ್ದ ಕೈ ನಿಂತಿತು. ಅವರು ಬೈಯಲಿಲ್ಲ. ಯಾಕೆ ಹೇಳಲಿಲ್ಲ ಎಂದೂ ಕೇಳಲಿಲ್ಲ. ಮಗಳನ್ನು ಕರೆದು, ಇವಳಿಗೆ ಕಾಫಿ ಕೊಡು, ಬಸ್ಸಿಗೆ ಹೊತ್ತಾಗತ್ತೆ, ಅಂದರು. ನಾನು ಹೊರಡುವವರೆಗೂ ಕಿಟಕಿಯ ಕಡೆ ನೋಡುತ್ತಿದ್ದರು... ಮೂರು ತಿಂಗಳಿಗೆ ತೀರಿಕೊಂಡರು.

ಆ ಶ್ರುತಿಪೆಟ್ಟಿಗೆ ನೋಡಿದ ಮರುದಿನ ನಾನು ಮತ್ತೆ ಭದ್ರಾವತಿಗೆ ಹೋದೆ. ಫರ್ನೇಸಿನ ಮುದುಕರ ಮೊಮ್ಮಗಳು ಅಲ್ಲಿ ಟೈಲರ್ ಅಂಗಡಿ ಇಟ್ಟಿದ್ದಾಳೆಂದು ವಿಚಾರಿಸಿ ತಿಳಿದಿದ್ದೆ. ಮನೆಯಲ್ಲಿ ಒಂದು ಚೀಟಿ, ಒಂದು ಸಾಲು ಏನಾದರೂ ಉಳಿದಿರಬಹುದೆಂಬ ಆಸೆ. ಅವಳು ಮೆಷಿನ್ ನಿಲ್ಲಿಸಿ ನನ್ನ ಮಾತನ್ನೆಲ್ಲ ಕೇಳಿಸಿಕೊಂಡಳು.

"ನಮ್ಮ ತಾತ ಹಾಡು ಕಟ್ತಿದ್ರಾ?" ಎಂದಳು. ಮನೆಯಲ್ಲಿ ಯಾರೂ ಹೇಳಿರಲಿಲ್ಲವಂತೆ. ಹೌದು ಎಂದೆ. ಅವಳ ಮುಖ ಅರಳಿತು. ಎದ್ದು ಬಂದು ನನ್ನೆದುರು ಸ್ಟೂಲ್ ಎಳೆದುಕೊಂಡು ಕುಳಿತಳು.

"ಒಂದ್ಸಲ ಹಾಡಿ ತೋರ್ಸಿ ಅಕ್ಕ."

ಅವಳು ಕಾಯುತ್ತಿದ್ದಳು. ನನ್ನ ಹತ್ತಿರ ಏನೂ ಇರಲಿಲ್ಲ.