ಮಗ್ಗದ ಮೇಲಿನ ಗಾಜಿನ ಹೆಂಚು

ದೊಡ್ಡಬಳ್ಳಾಪುರದ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮನ ಮಗ್ಗ ಬೀದಿ ಕಿಟಕಿಯ ಪಕ್ಕದಲ್ಲೇ ಇತ್ತು. ಅದು ಗುಂಡಿಮಗ್ಗ. ಕಾಲನ್ನು ಗುಂಡಿಗೆ ಇಳಿಬಿಟ್ಟು ನೆಲಕ್ಕೆ ಕೂತು ನೇಯಬೇಕು. ಹಾಗಾಗಿ ಬೆಳಕಿಗೆಂದು ಇಟ್ಟ ಕಿಟಕಿಯೂ ನೆಲಕ್ಕೆ ಹತ್ತಿರವಿತ್ತು. ಎದುರಿನ ಟೀ ಅಂಗಡಿಯ ಬೆಂಚಿನ ಮೇಲೆ ಕೂತವರಿಗೆ ಅಮ್ಮ ಪೂರ್ತಿ ಕಾಣುತ್ತಿದ್ದಳು.

"ಏನಕ್ಕಾ, ಈ ಸೀರೆಗೆ ಅಂಚು ಕೆಂಪಾ? ಹೋದ್ಸಲದ ಹಸುರೇ ಚೆನ್ನಾಗಿತ್ತು ಬಿಡು" ಎಂದು ಅಲ್ಲಿಂದಲೇ ಒಬ್ಬ ತೀರ್ಪು ಕೊಡುತ್ತಿದ್ದ.

ಅಮ್ಮ ಕಿಟಕಿ ಮುಚ್ಚುತ್ತಿದ್ದಳು. ಕತ್ತಲಲ್ಲಿ ಕಡಿದ ಎಳೆ ಸಿಗದೆ ಮತ್ತೆ ತೆರೆಯುತ್ತಿದ್ದಳು. ಆಗಷ್ಟೇ ದಿನಚರಿ ಬರೆಯಲು ಶುರುಮಾಡಿದ್ದ ನಾನು ಅದನ್ನೂ ಬರೆದಿಡುತ್ತಿದ್ದೆ. ಮುಚ್ಚಿದ ಹೊತ್ತೇ ಹೆಚ್ಚು.

ಅರವತ್ತರ ದಶಕದ ಕೊನೆಯಲ್ಲಿ ಅಪ್ಪ ಅದೇ ಬೀದಿಯ ತುದಿಯಲ್ಲಿ ಸ್ವಂತ ಮನೆ ಕಟ್ಟಿಸಿದರು. ಅಮ್ಮ ಕೇಳಿದ್ದು ಒಂದೇ: "ಮಗ್ಗದ ಕೋಣೆಗೆ ಬೀದಿ ಕಡೆ ಕಿಟಕಿ ಬ್ಯಾಡ. ಮೇಲೆ ಗಾಜಿನ ಹೆಂಚು ಹಾಕ್ಸಿ."

"ಹಾಕ್ಸೋಣ. ಅದು ಸರಿಹೋಗ್ಲಿಲ್ಲ ಅಂದ್ರೆ ಗೋಡೆ ಒಡೆದು ಕಿಟಕಿ ಇಡಿಸ್ತೀನಿ. ಆಮೇಲೆ ಮುಖ ಊದಿಸ್ಕೋಬೇಡ" ಎಂದರು ಅಪ್ಪ.

ಬೆಳಕು ಬೇಕಾದದ್ದು ಮಗ್ಗಕ್ಕೆ, ಆದ್ದರಿಂದ ಗಾಜು ಮಗ್ಗದ ನೆತ್ತಿಯ ಮೇಲೇ ಇರಲಿ ಎಂದು ಮನೆಯವರೆಲ್ಲ ಒಪ್ಪಿದೆವು. ಬೆಳಿಗ್ಗೆಯೆಲ್ಲ ಕೋಣೆ ಹಿತವಾಗಿರುತ್ತಿತ್ತು. ಮಧ್ಯಾಹ್ನ ಮಾತ್ರ ಬಿಸಿಲು ನೇರವಾಗಿ ಮಗ್ಗಕ್ಕೆ ಬಿಗಿದ ಉದ್ದೆಳೆಗಳ ಹಾಸಿನ ಮೇಲೆ ಬಿದ್ದು, ರೇಷ್ಮೆ ಒಣಗಿ, ಎಳೆಗಳು ಪಟಪಟನೆ ಕಡಿಯತೊಡಗಿದವು. ಅಮ್ಮ ನೇಯುವುದು ಬಿಟ್ಟು ಗಂಟು ಹಾಕುತ್ತಾ ಕೂರುತ್ತಿದ್ದಳು.

ಅಪ್ಪ ಬೀದಿ ಕಡೆಯ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದರು. "ಮೇಸ್ತ್ರಿಗೆ ಹೇಳಿ ಕಳಿಸ್ಲಾ?"

"ಭಾನುವಾರದ ತಂಕ ತಡೀರಿ."

ಭಾನುವಾರ ನನಗೆ ರಜೆ. ಬಿಸಿಲಿನ ಚೌಕ ಸರಿದಂತೆಲ್ಲ ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿದೆ. ಎಳೆ ಕಡಿದಾಗಲೆಲ್ಲ ಆ ಗುರುತಿನ ಪಕ್ಕ ಒಂದು ಗೀಟು ಎಳೆದೆ. ಸಂಜೆಗೆ ನೋಡಿದರೆ ಹೆಚ್ಚಿನ ಗೀಟುಗಳು ಹಾಸಿನ ಬಳಿಯೇ ಗುಂಪುಗೂಡಿದ್ದವು. ಬಿಸಿಲು ಆಚೆ ಸರಿದ ಮೇಲೆ ಬೆಳಕು ಮಾತ್ರ ಇದ್ದ ಹೊತ್ತಿಗೆ ಒಂದೋ ಎರಡೋ.

ಅಮ್ಮ ಗುಂಡಿಯಲ್ಲೇ ಕೂತು ಅವನ್ನು ನೋಡಿದಳು. ಆಮೇಲೆ ಉತ್ತರದ ಗೋಡೆಯ ಕಡೆ ಕೈ ತೋರಿಸಿದಳು. "ಹೆಂಚನ್ನ ಅಲ್ಲಿಗೆ ತಳ್ಳಿದ್ರೆ ಬಿಸಿಲು ಗೋಡೆ ಮ್ಯಾಲೆ ಬೀಳ್ತದೆ. ನನಗೆ ಅದರ ಬೆಳಕು ಸಾಕು ಕಣೇ."

ಗಾಜಿನ ಹೆಂಚು ಗೋಡೆಯ ಬಳಿಯ ಸಾಲಿಗೆ ಹೋಯಿತು. ಆ ಗೋಡೆಗೆ ಅಮ್ಮನೇ ಎರಡು ಸಲ ಸುಣ್ಣ ಬಳಿದಳು. ಮಾರನೆಯ ಮಧ್ಯಾಹ್ನ ಅಪ್ಪ ತಾವೇ ಗುಂಡಿಗಿಳಿದು ಕೂತು, ಹಾಸಿನ ಮೇಲೆ ಬಗ್ಗಿ ಒಂದು ಎಳೆ ಹಿಡಿದರು.

"ಕಾಣ್ತದೆ" ಎಂದರು. ಆಮೇಲೆ ಹೆಂಚಿನ ಕಡೆ ತಲೆಯೆತ್ತಿ, "ಆಷಾಢಕ್ಕೆ ಬಿಸಿಲು ಜಾಗ ಬದಲಾಯಿಸಿದ್ರೆ?"

"ಗುರುತು ಹಾಕೋಳು ಮನೇಲೇ ಇದಾಳಲ್ಲ" ಎಂದಳು ಅಮ್ಮ.

ಆ ವರ್ಷವಿಡೀ ಪ್ರತಿ ತಿಂಗಳ ಮೊದಲ ಭಾನುವಾರ ಗುರುತು ಹಾಕಿದೆ. ಚೌಕ ಮಗ್ಗದ ಕಡೆಗೆ ತುಸು ಬಂತು, ಹಾಸನ್ನು ಮುಟ್ಟಲಿಲ್ಲ. ಬೀದಿ ಕಡೆಯ ಗೋಡೆ ಹಾಗೇ ಉಳಿಯಿತು.

ಒಮ್ಮೆ ಸಂತೆಯಲ್ಲಿ ಆ ಬೆಂಚಿನವನು ಸಿಕ್ಕಿ, "ಏನಕ್ಕಾ, ಈಗ ಯಾವ ಅಂಚು?" ಎಂದ.

"ಸೀರೆ ಅಂಗಡೀಗೆ ಬಂದ್ಮೇಲೆ ನೋಡೀಯಂತೆ" ಎಂದು ಅಮ್ಮ ನಗುತ್ತಾ ಮುಂದೆ ನಡೆದಳು.